ದುರ್ಯೋಧನನ ಪಾರ್ಟಿನ ನಮ್ಮಪ್ಪನಿಗೆ ಅಲ್ಝೈಮರ್: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಪೇಟೆಯಲ್ಲಿ ಅಪ್ಪನ ಕೈ ಹಿಡಿದು ಹೊರಟರೆ ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎನ್.ಆರ್. ವೃತ್ತದ ಹೂವಿನವರು, ಕಟ್ಟಿನಕೆರೆ ಮಾರುಕಟ್ಟೆಯ ತರಕಾರಿಯವರು, ಅರಕಲಗೂಡು ಬಸ್ಸಿಗೆ ಕಾಯುತ್ತ ನಿಂತವರು, ಎಲ್ಲರೂ ನಿಲ್ಲಿಸಿ ಮಾತಾಡಿಸುತ್ತಾರೆ. ಅಪ್ಪ 40 ವರ್ಷ ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡಿದವರು, ಅದರಲ್ಲೂ ಕುರುಕ್ಷೇತ್ರದ ದುರ್ಯೋಧನ. ಊರಹಬ್ಬದ ಚಪ್ಪರದಿಂದ ಹಿಡಿದು ಹಾಸನಾಂಬ ಕಲಾಕ್ಷೇತ್ರದವರೆಗೆ ಅವರು ಗದೆ ಹೊತ್ತು ನಿಲ್ಲದ ರಂಗಸ್ಥಳ ಈ ಕಡೆ ಕಡಿಮೆ. ಈಗ ಅವರಿಗೆ 76. ಕಾಯಿಲೆ ಇದೇ ಅಂತ ಗೊತ್ತಾಗಿ 5 ವರ್ಷವಾಯಿತು.

ಕೇಳುವವರೆಲ್ಲ ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಅಪ್ಪನ ಎದುರಿಗೇ ಕೇಳುತ್ತಾರೆ, ಅವರು ಅಲ್ಲಿ ಇಲ್ಲವೇ ಇಲ್ಲವೇನೋ ಅನ್ನುವ ಹಾಗೆ. ಅಪ್ಪನಿಗೆ ಕೇಳಿಸುತ್ತದೆ, ಮುಖ ಸಣ್ಣದಾಗುತ್ತದೆ. ಅದಕ್ಕೇ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುತ್ತಿರುವವರಿಗೂ ನಾಲ್ಕು ಮಾತು ಉಪಯೋಗಕ್ಕೆ ಬಂದೀತು. ಅಪ್ಪನ ಹೆಸರು ಹಾಕಿಲ್ಲ. ಗೊತ್ತಿರುವವರಿಗೆ ಗೊತ್ತಾಗುತ್ತದೆ.

ನಾವು ಬಂದರೆ ಗುರುತು ಹಿಡೀತಾರಾ?

ಹಿಡಿಯಬಹುದು, ಹಿಡಿಯದೆಯೂ ಇರಬಹುದು. ಬೆಳಗ್ಗೆ ಗುರುತಿಸಿದವರನ್ನು ಮಧ್ಯಾಹ್ನ ಯಾರೋ ಅಂದುಕೊಳ್ಳುತ್ತಾರೆ. ನನ್ನನ್ನೇ ಒಂದು ದಿನ ಮಗಳೇ ಅನ್ನುತ್ತಾರೆ, ಮತ್ತೊಂದು ದಿನ "ಬನ್ನಿ ತಾಯಿ, ಕೂತ್ಕಳಿ" ಅಂತ ಮರ್ಯಾದೆಯಿಂದ ಕುರ್ಚಿ ತೋರಿಸುತ್ತಾರೆ.

ಒಂದು ಬೇಡಿಕೆ ಮಾತ್ರ ಇದೆ. "ನಾನ್ಯಾರು, ಹೇಳಿ ನೋಡಣ" ಅಂತ ಕೇಳಬೇಡಿ. ಬಂದವರಲ್ಲಿ ಹೆಚ್ಚಿನವರು ಮೊದಲು ಕೇಳುವುದೇ ಇದನ್ನು. ಕೇಳಿದ ಕೂಡಲೇ ಅಪ್ಪನ ಕಣ್ಣು ಎಡಕ್ಕೆ, ಸ್ವಲ್ಪ ಕೆಳಕ್ಕೆ ಹೋಗುತ್ತದೆ. ಯಾಕೆ ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಅದು ಹಾರ್ಮೋನಿಯಂ ಮೇಷ್ಟ್ರು ಕೂರುತ್ತಿದ್ದ ಜಾಗ. ನಮ್ಮ ಕಡೆಯ ನಾಟಕಗಳಲ್ಲಿ ಪಾತ್ರಧಾರಿ ಪದ್ಯ ಮರೆತರೆ ಮೇಷ್ಟ್ರು ಮೊದಲ ಪದ ಎತ್ತಿಕೊಡುತ್ತಾರೆ, ಮುಂದಿನದು ತಾನಾಗಿ ಬರುತ್ತದೆ. ಅಪ್ಪ ಈಗಲೂ ಅಲ್ಲಿ ಮೇಷ್ಟ್ರನ್ನು ಹುಡುಕುತ್ತಾರೆ.

ಅದಕ್ಕೆ ನೀವೇ ಎತ್ತಿಕೊಡಿ. "ನಮಸ್ಕಾರ ಅಣ್ಣ, ನಾನು ಗೊರೂರಿನವನು, ನಿಮ್ಮ ಜೊತೆ ಭೀಮನ ಪಾರ್ಟು ಮಾಡ್ತಿದ್ದೆ" ಅನ್ನಿ. ಹೆಸರು, ಊರು, ನಂಟು, ಮೂರನ್ನೂ ನೀವೇ ಹೇಳಿಬಿಡಿ. ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ಒಂದು ಸಲಕ್ಕೆ ಒಂದೇ ಮಾತು ಆಡಿ. ಆಗ ಮುಖ ಅರಳಿದರೆ ಅದು ನಿಜವಾದ ಸಂತೋಷ. ನೆನಪು ಬಂತೋ ಇಲ್ಲವೋ ಅಂತ ಅಳೆಯಲು ಹೋಗಬೇಡಿ.

ವಯಸ್ಸಾದ ಮೇಲೆ ಅರಳು ಮರಳು ಸಹಜ ಅಲ್ವಾ?

ಅರವತ್ತಕ್ಕೆ ಅರಳು ಮರಳು ಅನ್ನುವ ಮಾತಿನಿಂದಲೇ ನಾವು ಎರಡು ವರ್ಷ ಕಳೆದುಕೊಂಡೆವು. ವಯಸ್ಸಾದವರು ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಸಹಜ. ಕನ್ನಡಕ ಕೈಯಲ್ಲಿ ಹಿಡಿದು ಇದನ್ನು ಏನು ಮಾಡಬೇಕು ಅಂತ ತಿಳಿಯದೆ ಕೂರುವುದು ಕಾಯಿಲೆ.

ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಝೈಮರ್ ಇದನ್ನು ಮೊದಲು ವಿವರಿಸಿದ್ದು 1906ರಲ್ಲಿ. ಅವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸನ್ನು ನೋಡಿ, ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ್ದರು. ನರಕೋಶಗಳ ನಡುವೆ ಅಮಿಲಾಯ್ಡ್ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ, ಕೋಶಗಳ ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ನೂಲಿನ ಸಿಕ್ಕಿನ ಹಾಗೆ ಗಂಟಾಗುತ್ತದೆ, ಕೋಶಗಳು ಸಾಯುತ್ತವೆ. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಮೊದಮೊದಲೇ ಏಟು ಬೀಳುತ್ತದೆ. ಹಾಗಾಗಿ ಬೆಳಗಿನ ತಿಂಡಿ ಮರೆತುಹೋಗುತ್ತದೆ, ಚಿಕ್ಕಂದಿನಲ್ಲಿ ಹೇಮಾವತಿ ಹೊಳೆಯಲ್ಲಿ ಈಜಿದ್ದು ನೆನಪಿರುತ್ತದೆ. ಮರೆವಿನ ಕಾಯಿಲೆಗಳಿಗೆಲ್ಲ ಒಟ್ಟಾಗಿ ಡಿಮೆನ್ಷಿಯಾ ಅನ್ನುತ್ತಾರೆ. ಅದರಲ್ಲಿ ಶೇ 60ರಿಂದ 70ರಷ್ಟು ಅಲ್ಝೈಮರ್.

ಮೊದಲು ಗೊತ್ತಾಗಿದ್ದು ಹೇಗೆ?

ರಂಗದ ಮೇಲೆಯೇ. ಆಲೂರು ಕಡೆಯ ಒಂದು ಊರಹಬ್ಬ. ರಾತ್ರಿ ಎರಡರ ಹೊತ್ತು, ಅಪ್ಪ ದರ್ಬಾರಿನ ದೃಶ್ಯದಲ್ಲಿ ಕಂದಪದ್ಯ ಮುಗಿಸಿದರು. ಚಪ್ಪಾಳೆ ಬಿತ್ತು. ಮಾತಿಗೆ ಇಳಿಯಬೇಕಾದವರು ಮತ್ತೆ ಅದೇ ಪದ್ಯ ಎತ್ತಿದರು. ಜನ ಕೇಳದೆಯೇ ಒನ್ಸ್ ಮೋರ್ ಕೊಟ್ಟರು ಅಂತ ಶಿಳ್ಳೆ ಹೊಡೆದರು, ಯಾರೋ ಬಂದು ನೂರರ ನೋಟು ಎದೆಗೆ ಸಿಕ್ಕಿಸಿ ಹೋದರು. ಮೂರನೇ ಸಲವೂ ಅದೇ ಪದ್ಯ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಮುಂದಿನ ಮಾತು ಎತ್ತಿಕೊಟ್ಟರು. ಒಳಗೆ ಬಂದವರು ಕಿರೀಟ ತೆಗೆಯದೆ ಪೆಟ್ಟಿಗೆಯ ಮೇಲೆ ಕೂತು ನನ್ನನ್ನು ಕೇಳಿದರು: "ಈಗ ಯಾವ ಸೀನು ಕಣವ್ವಾ?"

ಆಮೇಲೆ ಮಾರುಕಟ್ಟೆಗೆ ಒಂದೇ ಬೆಳಗ್ಗೆ ಎರಡು ಸಲ ಹೋಗಿ ಎರಡು ಸಲವೂ ಬದನೆಕಾಯಿ ತಂದರು. ಲೆಕ್ಕದಲ್ಲಿ ಗಟ್ಟಿಗರು, ಚಿಲ್ಲರೆ ಎಣಿಸಲಾರದೆ ಅಂಗಡಿಯವರ ಮುಂದೆ ಅಂಗೈ ಚಾಚುವಂತಾಯಿತು. ಆ ದಿನಗಳಲ್ಲಿ "ಕುಡಿಯಕ್ ಶುರು ಮಾಡವ್ರೆ" ಎಂಬ ಸುದ್ದಿಯೂ ಹಬ್ಬಿತು. ಒಂದು ತೊಟ್ಟು ಮುಟ್ಟದ ಮನುಷ್ಯ. ಆ ಮಾತು ಅವ್ವನಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಟ್ಟಿತು. ಹಾಲಿವುಡ್ಡಿನ ರೀಟಾ ಹೇವರ್ತ್ ಎಂಬ ದೊಡ್ಡ ನಟಿಗೂ ಹೀಗೇ ಆಗಿತ್ತು. ಮಾತು ನೆನಪಿಟ್ಟುಕೊಳ್ಳಲಾರದ ಆಕೆಯನ್ನು ವರ್ಷಗಟ್ಟಲೆ ಕುಡಿತದವಳು ಅಂದರು. ಆಮೇಲೆ ನೋಡಿದರೆ ಅಲ್ಝೈಮರ್. ಆಕೆ 1987ರಲ್ಲಿ ತೀರಿಕೊಂಡರು. ಆಕೆಯ ಮಗಳು ಅದನ್ನು ಮುಚ್ಚಿಡದೆ ಲೋಕದ ಮುಂದೆ ಹೇಳಿ, ಈ ಕಾಯಿಲೆಗಾಗಿಯೇ ದುಡಿದರು. ಅದನ್ನು ಓದಿದ ಮೇಲೆಯೇ ನನಗೂ ಬರೆಯುವ ಧೈರ್ಯ ಬಂದದ್ದು.

ಇಡೀ ನಾಟಕ ಬಾಯಿಪಾಠ ಇದ್ದವರಿಗೂ ಇದು ಬರುತ್ತಾ?

ಬರುತ್ತದೆ. ಸಿನಿಮಾ ನಟರಾಗಿದ್ದು ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ತಮಗೆ ಈ ಕಾಯಿಲೆ ಇದೆ ಅಂತ 1994ರಲ್ಲಿ ದೇಶಕ್ಕೇ ಪತ್ರ ಬರೆದರು. ನಟ ಚಾರ್ಲ್ಟನ್ ಹೆಸ್ಟನ್ 2002ರಲ್ಲಿ ತಾವೇ ಹೇಳಿಕೊಂಡರು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಹತ್ತಾರು ಭಾಷೆಯಲ್ಲಿ ಸಭೆ ನಡುಗಿಸಿದವರು, ಕೊನೆಯ ವರ್ಷಗಳನ್ನು ಇದೇ ಕಾಯಿಲೆಯಲ್ಲಿ ಕಳೆದು 2019ರ ಜನವರಿಯಲ್ಲಿ ತೀರಿಕೊಂಡರು.

ಓದು, ಕಲೆ, ಕಂಠಪಾಠ ಇವೆಲ್ಲ ಮಿದುಳಿಗೆ ಒಂದಷ್ಟು ಮೂಲಧನ ಕೊಡುತ್ತವೆ, ಲಕ್ಷಣಗಳು ತೋರುವುದನ್ನು ಕೆಲಕಾಲ ಮುಂದೂಡಬಹುದು. ಕಾಯಿಲೆ ಬಾರದಂತೆ ತಡೆಯುತ್ತವೆ ಅನ್ನುವ ಹಾಗಿಲ್ಲ. ಅಪ್ಪ ಮರೆವನ್ನು ಬಹಳ ದಿನ ಮುಚ್ಚಿಟ್ಟುಕೊಂಡು ನಡೆದದ್ದು ನಟನೆಯ ಬಲದಿಂದಲೇ ಇರಬೇಕು ಅನ್ನಿಸುತ್ತದೆ. ಗೊತ್ತಾಗದ ಮಾತಿಗೆ ದೊಡ್ಡದಾಗಿ ನಕ್ಕು, ಮೀಸೆ ಮೇಲೆ ಕೈಯಾಡಿಸಿ ದಾಟಿಸಿಬಿಡುತ್ತಿದ್ದರು.

ಎಲ್ಲಿ ತೋರಿಸಿದಿರಿ? ಯಾವ ಪರೀಕ್ಷೆ ಮಾಡಿದರು?

ಮೊದಲು ಹಾಸನದಲ್ಲಿ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಮೊದಲ ಸಲ ತೋರಿಸಿದ ಕಡೆ ಎರಡು ನಿಮಿಷ ನೋಡಿ ವಯಸ್ಸಾಯಿತು ಅಂತ ಟಾನಿಕ್ ಬರೆದುಕೊಟ್ಟರು. ನೀವು ಅಲ್ಲಿಗೇ ನಿಲ್ಲಬೇಡಿ. ಯಾಕೆಂದರೆ ಥೈರಾಯ್ಡ್ ಕಡಿಮೆಯಾದರೆ, ಬಿ12 ಜೀವಸತ್ವ ಕೊರತೆಯಾದರೆ, ಬಿದ್ದು ತಲೆಯೊಳಗೆ ರಕ್ತ ನಿಂತರೆ, ಮನಸ್ಸು ಕುಗ್ಗಿ ಖಿನ್ನತೆಯಾದರೆ, ನಿದ್ದೆ ಮಾತ್ರೆ ಹೆಚ್ಚಾದರೆ ಕೂಡ ಹೀಗೇ ಮರೆವು ಬರುತ್ತದೆ. ಅವುಗಳಲ್ಲಿ ಹಲವು ಸರಿಹೋಗುವಂಥವು. ಅದಕ್ಕೇ ರಕ್ತ ಪರೀಕ್ಷೆ, ಎಂಆರ್‌ಐ, ನೆನಪು ಮತ್ತು ಭಾಷೆಯ ಪ್ರಶ್ನೋತ್ತರ ಎಲ್ಲ ಮಾಡುತ್ತಾರೆ. ಪ್ರಶ್ನೋತ್ತರ ಕನ್ನಡದಲ್ಲೇ ಇರುತ್ತದೆ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು, ಅದನ್ನು ವೈದ್ಯರಿಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಗಡಿಯಾರದ ಚಿತ್ರ ಬರೆಯಿರಿ ಅಂದರೆ ಪೆನ್ನು ಹಿಡಿದು ಅಭ್ಯಾಸವಿಲ್ಲದವರು ಕಾಯಿಲೆ ಇಲ್ಲದೆಯೂ ತಡವರಿಸುತ್ತಾರೆ.

ಹೋಗುವಾಗ ಕಿವಿ ಮತ್ತು ಕಣ್ಣು ತೋರಿಸುವುದನ್ನು ಮರೆಯಬೇಡಿ. ಪೊರೆ ತೆಗೆಸಿದ ಮೇಲೆ ಅಪ್ಪನ ಗಾಬರಿ ಎಷ್ಟೋ ತಗ್ಗಿತು. ದೂರ ಹೋಗಲಾಗದವರು 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲಿ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567.

ಔಷಧಿ ಕೊಟ್ಟರೆ ವಾಸಿ ಆಗುತ್ತಾ?

ವಾಸಿಯಾಗುವ ಔಷಧಿ ಇನ್ನೂ ಬಂದಿಲ್ಲ. ಡೊನೆಪೆಜಿಲ್, ಮೆಮಂಟೀನ್ ಅಂತ ಮಾತ್ರೆಗಳಿವೆ. ಕೆಲವರಲ್ಲಿ ಅವು ಸ್ವಲ್ಪ ಕಾಲ ಗಮನವನ್ನೂ ದಿನಚರಿಯನ್ನೂ ಹಿಡಿದಿಡುತ್ತವೆ. ಅಪ್ಪನಿಗೆ ಮೊದಲ ತಿಂಗಳು ವಾಕರಿಕೆ, ಭೇದಿ ಆಯಿತು, ಆಮೇಲೆ ಹೊಂದಿಕೊಂಡಿತು. ನಾಡಿ ನಿಧಾನ ಇರುವವರಿಗೆ ಡೊನೆಪೆಜಿಲ್ ಕೊಡುವಾಗ ವೈದ್ಯರು ಜಾಗ್ರತೆ ವಹಿಸುತ್ತಾರೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕನೆಮ್ಯಾಬ್ ಬಗ್ಗೆ ಬಹಳ ಜನ ಪೇಪರ್ ತುಣುಕು ಕಳಿಸುತ್ತೀರಿ. ಅದು ಅಮಿಲಾಯ್ಡನ್ನು ತೆಗೆಯುವ ಔಷಧಿ, ರಕ್ತನಾಳಕ್ಕೆ ಹಾಕುವಂಥದ್ದು, ಕಾಯಿಲೆಯ ಆರಂಭದಲ್ಲಿರುವವರಿಗೆ ಮಾತ್ರ. ಇಳಿಜಾರನ್ನು ಸ್ವಲ್ಪ ನಿಧಾನ ಮಾಡುತ್ತದೆ, ಮಿದುಳಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ಅಪ್ಪ ಆ ಹಂತ ದಾಟಿದ್ದಾರೆ.

ಇದ್ದಕ್ಕಿದ್ದಂತೆ ಎರಡೇ ದಿನದಲ್ಲಿ ಮಂಕು ಹೆಚ್ಚಾದರೆ ಕಾಯಿಲೆ ಜೋರಾಯಿತು ಅಂತ ಕೈಕಟ್ಟಿ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದೇ ಇರುವುದು ಇವೇ ಕಾರಣ ಇರಬಹುದು. ಹೋದ ಬೇಸಿಗೆಯಲ್ಲಿ ಅಪ್ಪ ಹಗಲಿರುಳು ಬಡಬಡಿಸಿದ್ದು ಉರಿಮೂತ್ರದಿಂದ. ಅದಕ್ಕೆ ಚಿಕಿತ್ಸೆ ಆದಮೇಲೆ ಮೊದಲಿನ ಹಾಗಾದರು.

ಒಂದೆಲಗದ ಚಟ್ನಿ ತಿನ್ನಿಸಿದ್ದೀರಾ?

ವಾರಕ್ಕೆ ಎರಡು ಸಲ ಮಾಡುತ್ತೇವೆ, ಕಾಯಿ ಹಾಕಿ ರುಬ್ಬಿ ಬಿಸಿ ಅನ್ನಕ್ಕೆ. ಅಪ್ಪನಿಗೆ ಇಷ್ಟ. ಇದರಿಂದ ಅಲ್ಝೈಮರ್ ಗುಣವಾಗುವುದಿಲ್ಲ. ಲೇಹ್ಯ, ಚೂರ್ಣ ಏನೇ ಕೊಡುವುದಿದ್ದರೂ ವೈದ್ಯರಿಗೆ ಹೇಳಿ ಕೊಡಿ, ಅದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ.

ಯಾರಾದರೂ ಮಾಟ ಮಾಡಿಸಿರಬಹುದಾ?

ಇಲ್ಲ. ದಯವಿಟ್ಟು ಅವ್ವನ ಹತ್ತಿರ ಈ ಮಾತು ತೆಗೆಯಬೇಡಿ.

ಊಟ ಮಾಡಿದ್ದು ಮರೆಯುವವರಿಗೆ ಪದ್ಯ ಹೇಗೆ ಬರುತ್ತದೆ?

ಎಲ್ಲ ನೆನಪೂ ಮಿದುಳಿನ ಒಂದೇ ಕಡೆ ಇರುವುದಿಲ್ಲ. ನಡೆದದ್ದನ್ನು ನೆನೆಯುವುದು ಬೇರೆ, ಕೈಗೆ, ಕಂಠಕ್ಕೆ ರೂಢಿಯಾದದ್ದು ಬೇರೆ. ಸೈಕಲ್ ತುಳಿಯುವುದು, ಮುದ್ದೆ ಕಟ್ಟುವುದು, ಹಾಡುವುದು ಬಹಳ ಕಾಲ ಉಳಿಯುತ್ತವೆ. ಹಳೆಯ ಹಾಡಿನ ನೆನಪಿಗೆ ಸಂಬಂಧಿಸಿದ ಭಾಗಗಳನ್ನು ಈ ಕಾಯಿಲೆ ತಡವಾಗಿ ಮುಟ್ಟುತ್ತದೆ ಅನ್ನುತ್ತಾರೆ ಸಂಶೋಧಕರು.

ಅಪ್ಪನ ಜೊತೆಗಿದ್ದ ಮೇಷ್ಟ್ರೊಬ್ಬರು ತಿಂಗಳಿಗೊಮ್ಮೆ ಬರುತ್ತಾರೆ. ಮಾತಾಡಿಸುವುದೇ ಇಲ್ಲ. ಕೂತು ಹಾರ್ಮೋನಿಯಂ ತಿದಿ ಎಳೆದು ಮೋಹನ ರಾಗದ ನಾಲ್ಕು ಸ್ವರ ಬಿಡುತ್ತಾರೆ. ಅಪ್ಪನ ಬೆನ್ನು ನೆಟ್ಟಗಾಗುತ್ತದೆ. ಬಲಗೈ ತೊಡೆಯ ಮೇಲಿಂದ ಎದ್ದು ಗದೆಯ ಹಿಡಿ ಹುಡುಕುತ್ತದೆ. ಸಾಲು ಸಾಲಾಗಿ ಪದ್ಯ ಬರುತ್ತದೆ, ಆಲಾಪದ ಸಮೇತ. ಮುಗಿದ ಮೇಲೆ ಇದು ಯಾವ ನಾಟಕ ಅಂದರೆ ಗೊತ್ತಿಲ್ಲ. ಮಾತಿನ ಭಾಗ ಮಾತ್ರ ಹೋಗಿಬಿಟ್ಟಿದೆ. ಪದ್ಯ ಉಳಿದಿದೆ, ಸಂಭಾಷಣೆ ಉಳಿದಿಲ್ಲ.

ಸಂಜೆ ಹೊತ್ತು ಬರಬೇಡಿ ಅನ್ನೋದು ಯಾಕೆ?

ಮುಸ್ಸಂಜೆಯಲ್ಲಿ ತಳಮಳ ಹೆಚ್ಚಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಮಿದುಳಿನ ಒಳಗಡಿಯಾರ ತಪ್ಪಿರುತ್ತದೆ, ಮೈ ದಣಿದಿರುತ್ತದೆ, ನೆರಳು ಉದ್ದವಾಗಿ ಮನೆಯೇ ಬೇರೆ ಕಾಣುತ್ತದೆ. ಅಪ್ಪನ ವಿಷಯದಲ್ಲಿ ಇನ್ನೊಂದು ಸೇರಿದೆ. 40 ವರ್ಷ ಆ ಹೊತ್ತಿಗೇ ಅವರು ನಾಟಕಕ್ಕೆ ಹೊರಟವರು. ಆರೂವರೆಗೆ ಎದ್ದು ಬಾಗಿಲ ಚಿಲಕ ಎಳೆಯುತ್ತಾರೆ. "ಹೊತ್ತಾಯ್ತು, ಬಣ್ಣ ಹಚ್ಕಬೇಕು, ವ್ಯಾನು ಬಂತಾ?" ಮೊದಮೊದಲು ನಾನು, ನಾಟಕ ಇಲ್ಲ ಅಪ್ಪ, ನೀವು ಬಿಟ್ಟು 5 ವರ್ಷ ಆಯ್ತು ಅಂತ ಹೇಳುತ್ತಿದ್ದೆ. ಪ್ರತಿ ಸಂಜೆಯೂ ಅವರಿಗೆ ಅದು ಹೊಸ ಸುದ್ದಿ. ಪ್ರತಿ ಸಂಜೆಯೂ ಕಣ್ಣಲ್ಲಿ ನೀರು.

ಈಗ ತಿದ್ದುವುದಿಲ್ಲ. ಐದೂವರೆಗೇ ದೀಪ ಹಾಕಿ, ಕಿಟಕಿಯ ಪರದೆ ಎಳೆದು, ಕಾಫಿ ಕೊಡುತ್ತೇವೆ. ಹೊತ್ತಾಯ್ತು ಅಂದರೆ "ಇವತ್ತು ಎಲ್ಲಪ್ಪಾ ನಾಟಕ? ಕೃಷ್ಣನ ಪಾರ್ಟು ಯಾರದು?" ಅಂತ ಕೇಳುತ್ತೇನೆ. ಹೇಳುತ್ತ ಹೇಳುತ್ತ ಕೂರುತ್ತಾರೆ. ಇದು ಸುಳ್ಳು ಹೇಳಿದ ಹಾಗಲ್ಲವಾ ಅಂತ ಕೆಲವರು ಕೇಳಿದ್ದೀರಿ. ಅವರಿರುವ ಕಡೆ ನಾವು ಹೋಗಿ ಕೂರುವುದು ಸುಳ್ಳಲ್ಲ ಅಂತ ನಾನು ನಂಬಿದ್ದೇನೆ.

ಸ್ನಾನ, ಶೇವಿಂಗ್ ಎಲ್ಲ ಹೇಗೆ?

ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಕನ್ನಡಿಯಲ್ಲಿ ಕಾಣುವವರು ತಾವೇ ಎಂಬುದು ಅಪ್ಪನಿಗೆ ಕೆಲವೊಮ್ಮೆ ತಿಳಿಯುವುದಿಲ್ಲ. "ಆ ಯಜಮಾನ್ರು ಆಗ್ಲಿಂದ ಕಾಯ್ತಾವ್ರೆ, ಅವರಿಗೆ ಮೊದ್ಲು ಹಚ್ಚಿ" ಅನ್ನುತ್ತಾರೆ. ಬಚ್ಚಲಿನ ಕನ್ನಡಿಗೆ ಟವಲ್ ಹೊದಿಸಿದೆವು. ರೇಜರ್ ಕಂಡರೆ ಕೈ ತಳ್ಳುತ್ತಿದ್ದರು. ಒಂದು ದಿನ ತಮ್ಮ ಏನೋ ಹೊಳೆದು ಮೊದಲು ಕೆನ್ನೆಗೆ ಕೊಬ್ಬರಿ ಎಣ್ಣೆ ಸವರಿದ. ಬಣ್ಣ ಹಚ್ಚುವ ಮುಂಚೆ ಸವರುತ್ತಾರಲ್ಲ, ಹಾಗೆ. ಅಪ್ಪ ಕಣ್ಣು ಮುಚ್ಚಿ ಗದ್ದ ಮೇಲೆತ್ತಿದರು. ಒಂದು ಸಲವೂ ಅಲುಗಾಡದೆ, ಮೀಸೆಯ ಕೆಳಗೆ ಬಂದಾಗ ತುಟಿಯನ್ನು ತಾವೇ ಒಳಕ್ಕೆ ಎಳೆದುಕೊಂಡರು. ಅವತ್ತಿಂದ ನಮ್ಮನೆಯಲ್ಲಿ ಶೇವಿಂಗ್ ಅನ್ನುವುದಿಲ್ಲ, ಬಣ್ಣಕ್ಕೆ ಕೂರುವುದು ಅನ್ನುತ್ತೇವೆ.

ಒಬ್ಬರೇ ಹೊರಗೆ ಹೋಗಿಬಿಟ್ಟರೆ?

ಒಮ್ಮೆ ಹೋಗಿದ್ದಾರೆ. ಮೂರು ಗಂಟೆ ಹುಡುಕಿದೆವು, ಮಹಾರಾಜ ಪಾರ್ಕು, ಬಸ್ ಸ್ಟ್ಯಾಂಡು ಎಲ್ಲ. ಸಿಕ್ಕಿದ್ದು ಕಲಾಕ್ಷೇತ್ರದ ಮೆಟ್ಟಿಲ ಮೇಲೆ. ಟೀ ಮಾರುವವರೊಬ್ಬರು ಗುರುತು ಹಿಡಿದು, ಎಬ್ಬಿಸದೆ, ಪಕ್ಕದಲ್ಲೇ ಕೂತು ನಾಟಕದ ಮಾತಾಡಿಸುತ್ತ ನಮಗೆ ಸುದ್ದಿ ಮುಟ್ಟಿಸಿದರು. ಅವರ ಋಣ ನಮ್ಮ ಮೇಲಿದೆ. ಈಗ ಜುಬ್ಬದ ಜೇಬಲ್ಲಿ ಚೀಟಿ, ಹೆಗಲ ಟವಲ್ಲಿನ ಅಂಚಿಗೆ ಹೊಲಿದ ಫೋನ್ ನಂಬರು, ಬಾಗಿಲಿಗೆ ಕೆಳಗಡೆ ಇನ್ನೊಂದು ಚಿಲಕ. ನಿಮ್ಮ ಕಣ್ಣಿಗೆ ಅಪ್ಪ ಒಬ್ಬರೇ ಬಿದ್ದರೆ ಎಲ್ಲಿಗೆ ಹೊರಟಿರಿ ಅಂತ ತಡೆಯಬೇಡಿ. ಜೊತೆಗೆ ನಾಲ್ಕು ಹೆಜ್ಜೆ ನಡೆಯುತ್ತ ಟವಲ್ ನೋಡಿ. ಇಂಥವರು ಕಾಣೆಯಾದರೆ ಕಾಯದೆ ಅರ್ಧ ಗಂಟೆಯೊಳಗೆ 112ಕ್ಕೆ ಹೇಳಿ.

ಹಾಸನಾಂಬೆ ಬಾಗಿಲು ತೆಗೆದಾಗ ದರ್ಶನಕ್ಕೆ ಕರ್ಕೊಂಡು ಬರ್ತೀರಾ?

ಇಲ್ಲ. ಆ ಸಾಲು, ಆ ನೂಕುನುಗ್ಗಲು, ಆ ಮೈಕು ಅವರಿಗೆ ತಡೆಯುವುದಿಲ್ಲ. ನೀವು ಹೋದವರು ಕುಂಕುಮ ತಂದುಕೊಡಿ, ಹಚ್ಚಿಸಿಕೊಂಡು ಕೈ ಮುಗಿಯುತ್ತಾರೆ.

ಒಂದು ವಿಡಿಯೊ ಮಾಡ್ಕೊಳ್ಳಲಾ? ಸನ್ಮಾನ ಮಾಡಬೇಕು ಅಂತ ನಮ್ಮ ಸಂಘದವರ ಆಸೆ.

ಹೋದ ವರ್ಷ ಬಂದವರೊಬ್ಬರು ಅಪ್ಪ ಪದ್ಯದ ನಡುವೆ ಗೊಂದಲಗೊಂಡು ಅಳುವುದನ್ನು ಚಿತ್ರೀಕರಿಸಿ ಹಂಚಿಬಿಟ್ಟರು. ಅಯ್ಯೋ ಪಾಪ ಅಂತ ಸಾವಿರಾರು ಜನ ನೋಡಿದರು. ಕಿರೀಟವಿಲ್ಲದೆ, ಬಣ್ಣವಿಲ್ಲದೆ ಜನರ ಮುಂದೆ ನಿಲ್ಲಲು ಒಪ್ಪದ ಮನುಷ್ಯ ಅವರು. ಆರೋಗ್ಯವಾಗಿದ್ದಾಗ ಒಪ್ಪದ್ದಕ್ಕೆ ಈಗ ಅವರ ಪರವಾಗಿ ನಾನು ಒಪ್ಪಲಾರೆ. ವಿಡಿಯೊ ಬೇಡ.

ಸನ್ಮಾನ ಮಾಡುವುದಾದರೆ ಮನೆಗೆ ಬನ್ನಿ, ನಾಲ್ಕೇ ಜನ. ಪೇಟ ಬೇಡ, ತಲೆಗೆ ಬಿಗಿಯಾದರೆ ಕಿತ್ತೆಸೆಯುತ್ತಾರೆ. ಶಾಲು ಸಾಕು. ನಿಮ್ಮೂರಿನ ಹಳೆಯ ನಾಟಕದ ಕರಪತ್ರ, ಫೋಟೊ ಇದ್ದರೆ ತನ್ನಿ. ಅದು ಎಲ್ಲ ಸನ್ಮಾನಕ್ಕಿಂತ ದೊಡ್ಡದು. ಕಲಾವಿದರ ಮಾಸಾಶನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಬರುತ್ತಿದೆ. ನಿಮ್ಮೂರಲ್ಲಿ ಅರ್ಜಿಯನ್ನೇ ಹಾಕದ ಹಿರಿಯ ಕಲಾವಿದರಿದ್ದರೆ ಆ ಕೆಲಸ ಮಾಡಿಕೊಡಿ.

ಮಕ್ಕಳಾದ ನಿಮಗೂ ಬರುತ್ತಾ?

ಹೆಚ್ಚಿನವರಲ್ಲಿ ಇದು ನೇರವಾಗಿ ವಂಶದಲ್ಲಿ ಇಳಿಯುವುದಿಲ್ಲ. ಹಾಗೆ ಇಳಿಯುವಂಥದ್ದು ಬಹಳ ಅಪರೂಪ, ಅದು ಸಾಮಾನ್ಯವಾಗಿ ಅರವತ್ತರೊಳಗೇ ಕಾಣಿಸಿಕೊಳ್ಳುತ್ತದೆ. ತಂದೆಗೋ ತಾಯಿಗೋ ಇದ್ದರೆ ಸಂಭವ ಸ್ವಲ್ಪ ಹೆಚ್ಚು, ಅಷ್ಟೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿ, ಅವನ್ನು ಸರಿಪಡಿಸಿಕೊಂಡರೆ ಡಿಮೆನ್ಷಿಯಾದ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅಂದಿತು. ಕಿವುಡು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಒಂಟಿತನ ಅದರಲ್ಲಿವೆ. ತಮ್ಮ ಸಿಗರೇಟು ಬಿಟ್ಟಿದ್ದಾನೆ. ನಾನು ಬಿಪಿ ಮಾತ್ರೆ ತಪ್ಪಿಸುವುದಿಲ್ಲ.

ಜಮೀನು, ಬ್ಯಾಂಕು ಇವಕ್ಕೆ ಸಹಿ?

ಇದನ್ನು ಕಾಯಿಲೆಯ ಆರಂಭದಲ್ಲೇ ಮುಗಿಸಿಕೊಳ್ಳಿ. ಜಿಪಿಎ, ಅಂದರೆ ಅವರ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ, ಮಾಡಿಸಿದ್ದೇವಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಬರೆದುಕೊಟ್ಟವರ ಬುದ್ಧಿಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದರ ಬಲ ಹೋಗುತ್ತದೆ. ಉಯಿಲು ಬರೆಯುವಾಗಲೂ ತಿಳಿವಳಿಕೆ ಇರಬೇಕು. ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ನೋಡಿಕೊಳ್ಳುತ್ತೇವೆ ಅಂತ ಬರೆಸಿಕೊಂಡು ಆಮೇಲೆ ಕೈಬಿಟ್ಟ ಮಕ್ಕಳಿಂದ ಆಸ್ತಿ ವಾಪಸು ಪಡೆಯಲು 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು.

ನಿಮ್ಮವ್ವ ಹೇಗಿದ್ದಾರೆ?

ಈ ಪ್ರಶ್ನೆ ಪದೇ ಪದೇ ಬರುವುದಿಲ್ಲ, ಬರಬೇಕು ಅಂತ ನಾನೇ ಸೇರಿಸಿದ್ದೇನೆ. ಅವ್ವನಿಗೆ 70. ರಾತ್ರಿ ಮೂರು ಸಲ ಏಳುತ್ತಾರೆ. ಮುದ್ದೆಯನ್ನು ಗೋಲಿಯಷ್ಟು ಮುರಿದು, ಬಸ್ಸಾರಿನಲ್ಲಿ ಅದ್ದಿ ತಿನ್ನಿಸುತ್ತಾರೆ, ಪ್ರತಿ ತುತ್ತೂ ಇಳಿಯಿತಾ ಅಂತ ಗಂಟಲು ನೋಡುತ್ತ. ಕಾಯಿಲೆ ಮುಂದುವರಿದಂತೆ ನುಂಗುವುದೂ ಕಷ್ಟವಾಗುತ್ತದೆ ಅಂತ ವೈದ್ಯರು ಹೇಳಿದ ದಿನದಿಂದ. ಊಟವಾದ ಹತ್ತು ನಿಮಿಷಕ್ಕೆ ಅಪ್ಪ "ಈ ಮನೇಲಿ ಉಣ್ಣಕ್ ಇಕ್ಕಲ್ವಾ" ಅಂದರೆ ಮರುಮಾತಾಡದೆ ಒಂದು ಬಾಳೆಹಣ್ಣು ಸುಲಿದು ಕೈಗಿಡುತ್ತಾರೆ. ಕಳೆದ ಮಳೆಗಾಲದಲ್ಲಿ ಅವ್ವ ಅಡುಗೆಮನೆಯಲ್ಲಿ ಕುಸಿದು ಕೂತ ಮೇಲೆಯೇ ನಮಗೆ ಬುದ್ಧಿ ಬಂದದ್ದು. ಈಗ ವಾರಕ್ಕೆ ಎರಡು ಮಧ್ಯಾಹ್ನ ತಮ್ಮನ ಪಾಳಿ, ಅವ್ವ ಅಕ್ಕನ ಮನೆಗೆ ಹೋಗಿ ಮಲಗಿ ಬರುತ್ತಾರೆ. ಸಹಾಯ ಮಾಡಬೇಕು ಅನ್ನುವವರು ಅಪ್ಪನಿಗೆ ಹಾರ್ಲಿಕ್ಸ್ ಬಾಟಲಿ ತರುವ ಬದಲು, ಎರಡು ಗಂಟೆ ಅಪ್ಪನ ಜೊತೆ ಕೂತು ಅವ್ವನಿಗೆ ಬಿಡುವು ಕೊಡಿ.

ಹಾಗಾದರೆ ಯಾವಾಗ ಬರಲಿ? ಏನು ತರಲಿ?

ಬೆಳಗ್ಗೆ ಹತ್ತರಿಂದ ಹನ್ನೆರಡೂವರೆ. ಇಬ್ಬಿಬ್ಬರಾಗಿ ಬನ್ನಿ. ಟಿವಿ ಹಾಕಿಸಬೇಡಿ. ತೀರಿಕೊಂಡ ಗೆಳೆಯರ ಸುದ್ದಿ ತೆಗೆಯಬೇಡಿ. ನಿಮಗೆ ಪದ್ಯ ಬರುತ್ತಿದ್ದರೆ ಹಾಡಿ, ತಪ್ಪಾದರೆ ಅಪ್ಪ ಈಗಲೂ ಹುಬ್ಬು ಗಂಟಿಕ್ಕಿ ತಿದ್ದುತ್ತಾರೆ. ಹಾರ್ಮೋನಿಯಂ ನಮ್ಮನೆಯಲ್ಲೇ ಇದೆ. ಮೊದಲು ಬಿಳಿ ನಾಲ್ಕರ ಶ್ರುತಿಯಲ್ಲಿ ಹಾಡುತ್ತಿದ್ದರು, ಈಗ ಉಸಿರು ಸಾಲದು, ಬಿಳಿ ಎರಡಕ್ಕೆ ಇಳಿಸಿಕೊಳ್ಳಿ. ಕೂರುವಾಗ ಅವರ ಎಡಗಡೆಗೆ ಕೂತುಕೊಳ್ಳಿ.